ಭಟ್ಕಳದ ಬಾಲ, ಗೋಕರ್ಣದ ಕಿವಿ

ಶರಾಬಿ ಹೊಳೆ ಕಡಲನ್ನು ಸೇರುವೆಡೆಯಲ್ಲಿ ಭಟ್ಕಳದ ಬಂದರವಿದೆ. ಮೀನುದೋಣಿಗಳು ದಡಕ್ಕೆ ತಲೆಯಿಟ್ಟು ಸಾಲಾಗಿ ಮಲಗಿರುತ್ತವೆ. ಬಲೆಗಳನ್ನು ಹರವಿಕೊಂಡು ಹೊಲಿಯುವವರ ಸುತ್ತ ಕಾಗೆಗಳೂ ಬೆಕ್ಕುಗಳೂ ತಮ್ಮ ಪಾಲಿಗಾಗಿ ಕಾದು ಕುಳಿತಿರುತ್ತವೆ. ಈ ಕಿರಿದಾದ ಅಳಿವೆಯಲ್ಲಿ ಒಂದು ಕಾಲಕ್ಕೆ ಹೊರ್ಮೂಜಿನಿಂದ ಕುದುರೆಗಳನ್ನು ಹೊತ್ತ ಹಡಗುಗಳು ಬಂದು ಲಂಗರು ಹಾಕುತ್ತಿದ್ದುವೆಂದರೆ ಹೊಸದಾಗಿ ಬಂದ ಯಾತ್ರಿಕನು ಸುಲಭವಾಗಿ ನಂಬಲಾರ. ಆದರೆ ಹದಿನಾರನೆಯ ಶತಮಾನದ ಆರಂಭದಲ್ಲಿ ಈ ಕರಾವಳಿಯನ್ನು ಬಣ್ಣಿಸಿದ ಪೋರ್ತುಗೀಜ ಬರಹಗಾರ ದುವಾರ್ತೆ ಬಾರ್ಬೋಸನು ಭಟ್ಕಳದ ಅಕ್ಕಿ, ಸಕ್ಕರೆ, ಕಬ್ಬಿಣಗಳ ಜೊತೆಗೆ ಇಲ್ಲಿನ ಕುದುರೆ ವ್ಯಾಪಾರವನ್ನೂ ಹೇಳಿದ್ದಾನೆ. ವಿಜಯನಗರದ ಅಶ್ವದಳಕ್ಕೆ ಬೇಕಾದ ಕುದುರೆಗಳು ಇಳಿಯುತ್ತಿದ್ದ ಬಂದರಗಳಲ್ಲಿ ಇದೂ ಒಂದು. 1510ರಲ್ಲಿ ಗೋವೆಯು ಪೋರ್ತುಗೀಜರ ವಶವಾದ ಮೇಲೆ ಅವರು ಆ ವ್ಯಾಪಾರವನ್ನು ಬಲವಂತದಿಂದ ಅತ್ತ ಸೆಳೆದುಕೊಂಡರು. ಭಟ್ಕಳದ ಕಡಲು ಅಷ್ಟರಮಟ್ಟಿಗೆ ಬರಿದಾಯಿತು.

ಈ ವ್ಯಾಪಾರದ ಒಂದು ವಿಚಿತ್ರ ಸಂಗತಿಯನ್ನು ಫೆರ್ನಾವೊ ನೂನಿಜ್ ಎಂಬ ಮತ್ತೊಬ್ಬ ಪೋರ್ತುಗೀಜನು ಬರೆದಿಟ್ಟಿದ್ದಾನೆ. 1535ರ ಸುಮಾರಿಗೆ ವಿಜಯನಗರದಲ್ಲಿದ್ದ ಈತನು ಸ್ವತಃ ಕುದುರೆ ವ್ಯಾಪಾರಿಯಾಗಿದ್ದನೆಂದು ವಿದ್ವಾಂಸರ ಊಹೆ. ಸಾಳುವ ನರಸಿಂಹನು ವರ್ತಕರಿಂದ ಸತ್ತ ಕುದುರೆಯನ್ನೂ ಬದುಕಿದ ಕುದುರೆಯನ್ನೂ ಒಂದೇ ದರದಲ್ಲಿ, ಸಾವಿರ ವರಹಕ್ಕೆ ಮೂರರಂತೆ ಕೊಳ್ಳುತ್ತಿದ್ದನಂತೆ. ನಡುಗಡಲಿನಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೆ ತಂದು ತೋರಿಸಿದರೆ ಸಾಕು, ಹಣ ಎಣಿಸಿ ಕೊಡುತ್ತಿದ್ದರಂತೆ!

ಅರಸನ ಔದಾರ್ಯವೆಂದು ಹೇಳಿ ಮುಗಿಸಬಹುದಾದ ಮಾತಲ್ಲ ಇದು. ಯುದ್ಧಕ್ಕೆ ಕುದುರೆ ಬೇಕು. ಕುದುರೆಗೆ ವರ್ತಕನು ಬೇಕು. ನಷ್ಟದ ಭಯದಿಂದ ವರ್ತಕನು ಹಿಂಜರಿದರೆ ರಾಜ್ಯಕ್ಕೆ ಕೇಡು. ಆದಕಾರಣ ಪ್ರಾಣಿಯ ಸಾವಿನ ನಷ್ಟವನ್ನು ಅರಸನು ತನ್ನ ತಲೆಯ ಮೇಲೆ ಎಳೆದುಕೊಂಡನು. ಆದರೆ ಅದೇ ಏರ್ಪಾಡಿನಲ್ಲಿ ಕುದುರೆಯ ಗತಿಯೇನಾಗಿರಬೇಕು? ಹಡಗಿನ ಕತ್ತಲ ಕೋಣೆಯಲ್ಲಿ ನೀರು ಕಡಿಮೆಯಾದಾಗ ವರ್ತಕನು ಯಾರ ಪಾಲನ್ನು ಮೊದಲು ಕಡಿದಿರಬಹುದು? ಬದುಕಿದರೂ ಅದೇ ಬೆಲೆ, ಸತ್ತರೂ ಅದೇ ಬೆಲೆ ಎಂದ ಮೇಲೆ ಕುದುರೆಯ ಬಾಯಾರಿಕೆಯನ್ನು ಕೇಳುವವರಾರು? ಪ್ರಾಣಿ ಸತ್ತರೆ ನಷ್ಟ ಯಾರಿಗೆ ಎಂಬುದು ನಿಶ್ಚಯವಾದರೆ ಅದು ಹೇಗೆ ಬದುಕುತ್ತದೆಂಬುದೂ ಬಹುಮಟ್ಟಿಗೆ ನಿಶ್ಚಯವಾದಂತೆಯೇ. ಭಟ್ಕಳದಿಂದ ಹೊನ್ನಾವರವನ್ನು ಹಾದು ಕುಮಟೆಯವರೆಗೆ ಸುಮಾರು 60 ಕಿಲೋಮೀಟರು ಕಡಲಂಚಿನಲ್ಲಿ ಸಾಗುವವನಿಗೆ ಈ ಪ್ರಶ್ನೆ ದಾರಿಯುದ್ದಕ್ಕೂ ಎದುರಾಗುತ್ತದೆ. ಕೇಳುವುದು ಮಾತ್ರ ಕುದುರೆಯಲ್ಲ. ನಾಯಿಗಿಂತ ತುಸು ದೊಡ್ಡದಾಗಿ ಕಾಣುವ ಒಂದು ಪುಟ್ಟ ಕರಿಯ ಹಸು.

ಇದನ್ನು ಮಲೆನಾಡು ಗಿಡ್ಡ ಎಂದು ಕರೆಯುತ್ತಾರೆ. ಊರದನವೆಂದೂ ಹೆಸರುಂಟು. ವರ್ಷಕ್ಕೊಂದು ಕರು ಹಾಕುವುದರಿಂದ ವರ್ಷಗಂಧಿ ಎಂಬ ಚೆಲುವಾದ ಹೆಸರೂ ಇದಕ್ಕಿದೆ. ಎತ್ತರ ಒಂದು ಮೀಟರಿಗೆ ಒಳಗೆ. ತೂಕ ನೂರು ಕಿಲೋದ ಆಸುಪಾಸು. ಕಪ್ಪು ಬಣ್ಣದವು ಹೆಚ್ಚು. ಕಂದು, ಬೂದು, ಕೆಂಪು ಬಣ್ಣದವೂ ಇಲ್ಲದಿಲ್ಲ. ವರ್ಷಕ್ಕೆ 3,000 ಮಿಲಿಮೀಟರನ್ನು ಮೀರಿ ಸುರಿಯುವ ಮಳೆಯಲ್ಲಿ ನೆನೆದು, ಗುಡ್ಡವೇರಿ, ಕಲ್ಲುಸಂದಿಯ ಹುಲ್ಲನ್ನು ಕಿತ್ತು ತಿಂದು, ಸಂಜೆಗೆ ಮನೆಯ ದಾರಿಯನ್ನು ತಾನೇ ಹಿಡಿದು ಬರುವ ಪ್ರಾಣಿ. ಕೊಡುವ ಹಾಲು ದಿನಕ್ಕೆ ಒಂದರಿಂದ ಮೂರು ಲೀಟರು. ದೇಶದ ಜಾನುವಾರು ತಳಿಗಳ ದಾಖಲೆಯನ್ನು ಇಡುವ ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯು ಇದನ್ನು ಪ್ರತ್ಯೇಕ ತಳಿಯೆಂದು ಅಂಗೀಕರಿಸಿ ಪಟ್ಟಿಯಲ್ಲಿ ಸೇರಿಸಿದೆ. ಅಂಗೀಕಾರ ದೊರೆತುದು ತಳಿಗೆ. ಅದನ್ನು ತಲೆಮಾರುಗಳಿಂದ ಕಾಯ್ದು ತಂದವರಿಗೆ ಏನು ದೊರೆಯಿತು ಎಂಬುದನ್ನು ನೋಡಲು ಭಟ್ಕಳದಿಂದ ಉತ್ತರಕ್ಕೆ ಹೊರಡಬೇಕು.

ಹೊರಡುವ ಹೊತ್ತು ಮಳೆಗಾಲದ ರಾತ್ರಿಯಾಗಿದ್ದರೆ ಪಾಠ ಬೇಗ ಆಗುತ್ತದೆ. ಮುರುಡೇಶ್ವರದ ಗೋಪುರದ ದೀಪಗಳು ಹಿಂದೆ ಸರಿದು ಮಂಕಿಯ ಕಡೆಗೆ ರಸ್ತೆ ತಿರುಗುವಾಗ ವಾಹನದ ಬೆಳಕಿನಲ್ಲಿ ಮೊದಲು ಕಾಣುವುದು ಎರಡು ಹೊಳೆಯುವ ಕಣ್ಣುಗಳು. ಆಮೇಲೆ, ಬಹಳ ತಡವಾಗಿ, ಡಾಮರಿನ ಕಪ್ಪಿನಲ್ಲಿ ಬೆರೆತುಹೋದ ಒಂದು ಕಪ್ಪು ಮೈ. ಮಳೆಗಾಲದಲ್ಲಿ ನೆಲವೆಲ್ಲ ಜೌಗು. ಹಗಲಿನ ಶಾಖವನ್ನು ಹಿಡಿದಿಟ್ಟುಕೊಂಡ, ನೀರು ನಿಲ್ಲದ, ನೊಣ ಸೊಳ್ಳೆಗಳು ಕಡಿಮೆಯಿರುವ ಜಾಗವೆಂದರೆ ಹೆದ್ದಾರಿಯೊಂದೇ. ಹಸುವಿನ ತರ್ಕದಲ್ಲಿ ದೋಷವಿಲ್ಲ. ಹಿಂದೆ 17ನೆಯ ಸಂಖ್ಯೆಯಿದ್ದು ಈಗ 66 ಎಂದು ಕರೆಯಲ್ಪಡುವ ಈ ರಾಷ್ಟ್ರೀಯ ಹೆದ್ದಾರಿಯನ್ನು ಈಚಿನ ವರ್ಷಗಳಲ್ಲಿ ನಾಲ್ಕು ಪಥಗಳಾಗಿ ಅಗಲಿಸಿದ್ದಾರೆ. ಮನೆ ಒಂದು ಪಕ್ಕ, ಬೇಣ ಇನ್ನೊಂದು ಪಕ್ಕ. ನಡುವೆ ವಾಹನಗಳ ಹೊಳೆ. ಗುಡ್ಡದ ಬುಡದಲ್ಲಿ 1998ರಿಂದ ಪೂರ್ಣವಾಗಿ ಓಡುತ್ತಿರುವ ಕೊಂಕಣ ರೈಲು ಬೇರೆ. ಮನುಷ್ಯರಿಗಾಗಿ ಅಲ್ಲಲ್ಲಿ ಕೆಳದಾರಿಗಳನ್ನು ಯೋಚಿಸಿದವರು ದನಗಳ ಹಳೆಯ ಹಾದಿಯನ್ನು ಯಾರ ಬಳಿ ಕೇಳಿದರೋ ತಿಳಿಯದು.

ಬೆಳಗಾದಾಗ ರಸ್ತೆಯಂಚಿನಲ್ಲಿ ಒಂದು ದೇಹ ಬಿದ್ದಿದ್ದರೆ, ಬಸ್ಸಿನಲ್ಲಿ ಕುಳಿತವರು ಹೇಳುವ ಮಾತು ಒಂದೇ: “ಹಾಲು ಕರೆದುಕೊಂಡು ಬೀದಿಗೆ ಬಿಡುತ್ತಾರೆ.” ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಹಾಗೆ ಬಿಡುವವರಿದ್ದಾರೆ. ಪ್ರಾಣಿಗೆ ಸಾಕಷ್ಟು ಮೇವು, ನೀರು, ಆಶ್ರಯಗಳನ್ನು ಕೊಡದಿರುವುದೂ, ಅದನ್ನು ಹಸಿವಿಗೆ ದೂಡುವಂತೆ ತೊರೆದುಬಿಡುವುದೂ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ನೃತ್ಯಕಲಾವಿದೆಯೆಂದು ಹೆಸರಾದ ರುಕ್ಮಿಣೀದೇವಿ ಅರುಂಡೇಲರು 1953ರಲ್ಲಿ ರಾಜ್ಯಸಭೆಯ ಮುಂದೆ ಇಟ್ಟ ಖಾಸಗಿ ಮಸೂದೆಯ ಪ್ರೇರಣೆಯಿಂದ ಹುಟ್ಟಿದ ಕಾಯಿದೆ ಅದು. ಅದರ ಫಲವಾಗಿ 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿಯೂ ಸ್ಥಾಪಿತವಾಯಿತು. ಮೊದಲ ಸಲದ ಅಪರಾಧಕ್ಕೆ 10ರಿಂದ 50 ರೂಪಾಯಿಯ ದಂಡವೆಂದು ಅಂದು ಬರೆದಿಟ್ಟರು. ಅಂದಿನ 50 ರೂಪಾಯಿ ಒಬ್ಬ ಬಡವನ ತಿಂಗಳ ಊಟ. ಆದರೆ ದಂಡವನ್ನು ಏರಿಸಿದ ಮಾತ್ರಕ್ಕೆ ರಸ್ತೆಯ ಮೇಲಿನ ಹಸು ಕೊಟ್ಟಿಗೆಗೆ ಮರಳುವುದೆ? ಅದನ್ನು ತಿಳಿಯಲು ಕೊಟ್ಟಿಗೆಯನ್ನೇ ನೋಡಬೇಕು.

ಕಾಸರಕೋಡನ್ನು ದಾಟಿ ಶರಾವತಿಯ ಸೇತುವೆಯ ಮೇಲೆ ಬಂದಾಗ ಹೊನ್ನಾವರ ಒಮ್ಮೆಲೇ ತೆರೆದುಕೊಳ್ಳುತ್ತದೆ. ಎಡಕ್ಕೆ ಕಡಲು, ಬಲಕ್ಕೆ ತೆಂಗಿನ ಕುದುರುಗಳು, ದೂರದಲ್ಲಿ ಘಟ್ಟದ ನೀಲಿ ಗೋಡೆ. ಪಟ್ಟಣದಿಂದ ಗೇರುಸೊಪ್ಪೆಯ ಕಡೆಗೆ ಹೊಳೆಯ ಪಕ್ಕದಲ್ಲೇ ಏರುವ ರಸ್ತೆ ಈ ಜಿಲ್ಲೆಯ ಸೊಗಸಾದ ದಾರಿಗಳಲ್ಲೊಂದು. ಅಡಿಕೆ ತೋಟ, ಬಾಳೆ, ಮೆಣಸಿನ ಬಳ್ಳಿ. ತೋಟದ ಮೇಲ್ಗಡೆ ಮನೆ. ಮನೆಯ ಮೇಲ್ಗಡೆ ಸೊಪ್ಪಿನ ಬೆಟ್ಟ. ತೋಟಕ್ಕೆ ಗೊಬ್ಬರ ಬೇಕು; ಗೊಬ್ಬರಕ್ಕೆ ಸೊಪ್ಪೂ ಸಗಣಿಯೂ ಬೇಕು; ಆದ್ದರಿಂದ ತೋಟಿಗರಿಗೆ ಬೆಟ್ಟದ ಸೊಪ್ಪಿನ ಹಕ್ಕನ್ನು ಬ್ರಿಟಿಷರ ಕಾಲದ ಅರಣ್ಯ ವ್ಯವಸ್ಥೆಯೂ ಒಪ್ಪಿಕೊಂಡಿತ್ತು. ಮಳೆಗಾಲದಲ್ಲಿ ಹಸಿಸೊಪ್ಪನ್ನೂ ಬೇಸಿಗೆಯಲ್ಲಿ ದರಕನ್ನೂ ಕೊಟ್ಟಿಗೆಗೆ ಹಾಸಿ, ಅದರ ಮೇಲೆ ದನ ಮಲಗಿ, ತುಳಿದು, ಸಗಣಿಯಿಕ್ಕಿ, ಅದು ಕೊಳೆತು ಅಡಿಕೆಯ ಬುಡ ಸೇರುವ ಈ ಚಕ್ರದಲ್ಲಿ ಗಿಡ್ಡ ಹಸುವು ಹಾಲಿಗಾಗಿ ಅಲ್ಲ, ಗೊಬ್ಬರಕ್ಕಾಗಿ ಇದ್ದ ಪ್ರಾಣಿ. ಹಾಲು ಮೇಲಿನ ಲಾಭ. ಒಂದು ಲೀಟರು ಕರೆಯುವ ಹಸುವನ್ನು ಯಾಕೆ ಸಾಕಬೇಕೆಂದು ಕೇಳುವ ಘಟ್ಟದ ಮೇಲಿನ ಬಯಲುನಾಡಿನವರಿಗೆ ಇದು ಅರ್ಥವಾಗುವುದಿಲ್ಲ.

ಈ ಕೊಟ್ಟಿಗೆಗಳ ನಿಜವಾದ ಯಜಮಾನರು ಹೆಂಗಸರು. ಕಂದೀಲಿನ ಕಾಲದಿಂದ ಇಂದಿನ ವಿದ್ಯುದ್ದೀಪದ ಕಾಲದವರೆಗೆ ಕೊಟ್ಟಿಗೆಯ ದಿನಚರಿ ಅಷ್ಟೇನೂ ಬದಲಾಗಿಲ್ಲ. ಬೆಳಗಿನ ಜಾವದಲ್ಲಿ ಸಗಣಿ ಬಾಚಿ, ಅಕ್ಕಚ್ಚಿಗೆ ಹಿಡಿ ತವುಡು ಬೆರೆಸಿಟ್ಟು, ಕರುವನ್ನು ಬಿಟ್ಟು, ಎರಡು ಮೊಲೆಯನ್ನು ಕರುವಿಗೇ ಉಳಿಸಿ ಹಾಲು ಕರೆಯುತ್ತಾರೆ. ಕೆಂಪಿ, ಗೌರಿ, ಬೆಳ್ಳಿ, ಕಾಳಿ ಎಂದು ಹೆಸರಿಲ್ಲದ ಹಸುವೇ ಇಲ್ಲ. ದೀಪಾವಳಿಯ ಗೋಪೂಜೆಯ ದಿನ ಕೋಡಿಗೆ ಬಣ್ಣ, ಕೊರಳಿಗೆ ಅಡಿಕೆ ಚೆಂಡುಹೂಗಳ ಮಾಲೆ; ಆ ದಿನ ಮನೆಯವರಿಗಿಂತ ಮೊದಲು ಹಸುವಿಗೆ ಊಟ. ಮುದಿಯಾದ ಹಸುವನ್ನು “ಅಮ್ಮನ ಕಾಲದ್ದು” ಎಂದು ಕೈಬಿಡದೆ ಇಟ್ಟುಕೊಂಡ ಮನೆಗಳು ಇಂದಿಗೂ ಇವೆ. ಪ್ರಾಣಿಕಲ್ಯಾಣವೆಂಬ ಶಬ್ದವನ್ನು ಇವರು ಕೇಳಿರಲಾರರು. ಪಟ್ಟಣಗಳಲ್ಲಿ ಆ ಶಬ್ದವನ್ನು ಉಚ್ಚರಿಸುವವರು ಇವರನ್ನು ಮಾತಿಗೆ ಕರೆದುದೂ ಅಪರೂಪ. ನೊಂದ ಪ್ರಾಣಿಯ ಪರವಾಗಿ ವಕಾಲತ್ತು ವಹಿಸುವವರಿದ್ದಾರೆ, ತಳಿಯ ಪರವಾಗಿ ಪ್ರಬಂಧ ಓದುವವರಿದ್ದಾರೆ. ಸಾಕುವವರ ಪರವಾಗಿ ಮಾತ್ರ ಯಾರೂ ಏಳುವುದಿಲ್ಲ.

ಸಾಕುವವರ ದೂರು ಮೇವಿನಿಂದ ಆರಂಭವಾಗುತ್ತದೆ. ಊರ ಸುತ್ತಿನ ಬೇಣಗಳಲ್ಲಿಯೂ ಬೋಳು ಗುಡ್ಡಗಳಲ್ಲಿಯೂ ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಅಕೇಶಿಯಾ ನೆಟ್ಟರು. ಗುಡ್ಡ ಹಸುರಾಯಿತು, ನಕ್ಷೆಯೂ ಹಸುರಾಯಿತು. ಆದರೆ ಅಕೇಶಿಯಾದ ಎಲೆಯನ್ನು ದನ ಮೂಸಿ ನೋಡಿ ಮುಂದೆ ನಡೆಯುತ್ತದೆ. ಅದರ ದರಕಿನ ದಪ್ಪ ಹಾಸಿನಡಿಯಲ್ಲಿ ಹುಲ್ಲು ಏಳುವುದಿಲ್ಲ. ಹಸುರು ಕಂಡು ಹರ್ಷಿಸುವ ಪ್ರವಾಸಿಗೂ ಹಸಿದ ಹಸುವಿಗೂ ಒಂದೇ ಗುಡ್ಡ ಬೇರೆ ಬೇರೆಯಾಗಿ ಕಾಣುವುದು ಹೀಗೆ. ಗುಡ್ಡ ಮುಚ್ಚಿದಾಗ ದನ ಇನ್ನೂ ಒಳಗಿನ ಕಾಡಿಗೆ ಹೋಗುತ್ತದೆ. ಅಲ್ಲಿ ಚಿರತೆ. ಚಿರತೆಗಿಂತಲೂ ಹೆಚ್ಚು ಅಂಜಬೇಕಾದುದು ಕಣ್ಣಿಗೆ ಕಾಣದಷ್ಟು ಸಣ್ಣದಾದ ಉಣ್ಣಿ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಅದರೊಂದಿಗೆ ಕಾಡಿಗೆ ಹೋದ ಜನರಿಗೂ ಜ್ವರ ಬಂದಾಗ ಮಂಗನಕಾಯಿಲೆ ಲೋಕಕ್ಕೆ ಗೊತ್ತಾಯಿತು. ಮುಂದೆ ಅದು ಘಟ್ಟವಿಳಿದು ಹೊನ್ನಾವರ, ಕುಮಟಾ, ಭಟ್ಕಳಗಳ ಹಳ್ಳಿಗಳಿಗೂ ಬಂತು. ಈ ಕಾಯಿಲೆಯಿಂದ ದನ ಸಾಯುವುದಿಲ್ಲ. ಆದರೆ ಬಲಿತ ಉಣ್ಣಿಗಳು ಕಾಡಿನಲ್ಲಿ ಮೇಯುವ ದನದ ರಕ್ತವನ್ನುಂಡು ಸಂತಾನವನ್ನು ಹೆಚ್ಚಿಸಿಕೊಳ್ಳುತ್ತವೆ. ಮರಿ ಉಣ್ಣಿಗಳು ಮುಂದೆ ಮಂಗನನ್ನೂ ಮನುಷ್ಯನನ್ನೂ ಕಚ್ಚುತ್ತವೆ. ಚಳಿಗಾಲದಿಂದ ಬೇಸಿಗೆಯವರೆಗೆ, ದರಕು ಗುಡಿಸಲು ಕಾಡಿಗೆ ಹೋಗುವ ದಿನಗಳೇ ಕಾಯಿಲೆಯ ದಿನಗಳೂ ಹೌದು. ಹಸುವಿನ ಮೈಯಿಂದ ಉಣ್ಣಿ ತೆಗೆದು, ಉಣ್ಣೆಣ್ಣೆಯೋ ಔಷಧಿಯೋ ಸವರಿ, ಕೊಟ್ಟಿಗೆಯನ್ನು ಚೊಕ್ಕಟವಾಗಿಡುವ ಹೆಂಗಸು ತನ್ನ ಗೌರಿಯನ್ನು ಮಾತ್ರ ಕಾಯುತ್ತಿಲ್ಲ, ಊರನ್ನೂ ಕಾಯುತ್ತಿದ್ದಾಳೆ. ಆ ಕೆಲಸಕ್ಕೆ ಕೂಲಿಯಿಲ್ಲ.

ಇನ್ನೊಂದು ದೂರು ಹೋರಿಯದು. ಹಿಂದೆ ಕೇರಿಗೊಂದು ಬೀಜದ ಹೋರಿ ಇರುತ್ತಿತ್ತು. ಅದನ್ನು ಸಾಕುವುದು ಒಬ್ಬರ ಮನೆಯಲ್ಲಾದರೂ ಅದರ ಹೊಟ್ಟೆಯ ಭಾರ ಊರಿನದು. ಉತ್ತರ ಕನ್ನಡವು 1956ರವರೆಗೆ ಸೇರಿಕೊಂಡಿದ್ದ ಮುಂಬಯಿ ಪ್ರಾಂತದಲ್ಲಿ 1933ರಲ್ಲಿಯೇ ಪಶುಧನ ಸುಧಾರಣೆಯ ಕಾಯಿದೆಯಾಯಿತು. ಕಾಯಿದೆ ಜಾರಿಯಾದ ಸೀಮೆಯಲ್ಲಿ ಪರವಾನಗಿಯಿಲ್ಲದ ಹೋರಿಯ ಬೀಜ ಒಡೆಸಬೇಕೆಂದು ಅದರ ಆಶಯ. ಸುಧಾರಣೆಯೆಂದರೆ ದೊಡ್ಡ ದೇಹ, ಹೆಚ್ಚು ಹಾಲು. ಆ ಮಾಪನದಲ್ಲಿ ಗಿಡ್ಡ ಹೋರಿ ಯಾವಾಗಲೂ ಅನುತ್ತೀರ್ಣ. ಆಮೇಲೆ ಕೃತಕ ಗರ್ಭಧಾರಣೆ ಬಂತು, ಜೆರ್ಸಿ ಬಂತು. ಬಯಲುನಾಡಿನ ಎಷ್ಟೋ ಮನೆಗಳಿಗೆ ಅದರಿಂದ ಉಪಕಾರವಾದುದು ನಿಜ. ಆದರೆ ನೂರು ಕಿಲೋದ ತಾಯಿಯ ಗರ್ಭದಲ್ಲಿ ನಾಲ್ಕು ನೂರು ಕಿಲೋದ ಜಾತಿಯ ಕರು ಬೆಳೆದರೆ ಹೆರಿಗೆಯ ರಾತ್ರಿ ಹೇಗಿರಬಹುದೆಂದು ಯಾರಾದರೂ ಊಹಿಸಬಹುದು. ಹಳ್ಳದ ಆಚೆಗಿನ ಮನೆ, ಸಂಕದ ಮೇಲೆ ನೀರು, ವೈದ್ಯನ ದಾರಿ ಕಾಯುತ್ತಾ ಕುಳಿತ ಮನೆಮಂದಿ. 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಪಶುವೈದ್ಯರ ವಾಹನ ಮನೆಬಾಗಿಲಿಗೆ ಬರುವ ಏರ್ಪಾಡು ಈಚೆಗೆ ರಾಜ್ಯದಲ್ಲೆಲ್ಲ ಆಗಿದೆ. ಪ್ರಾಣಿ ಕಲ್ಯಾಣ ಮಂಡಳಿ ಹುಟ್ಟಿದ ವರ್ಷವೂ ಈ ಸಂಖ್ಯೆಯೂ ಒಂದೇ ಆದುದು ಆಕಸ್ಮಿಕವಿರಬಹುದು. ವಾಹನ ರಸ್ತೆಯ ಕೊನೆಯವರೆಗೆ ಬರುತ್ತದೆ. ಈ ಸೀಮೆಯ ಎಷ್ಟೋ ಮನೆಗಳು ರಸ್ತೆ ಮುಗಿದ ಮೇಲೆ ಆರಂಭವಾಗುತ್ತವೆ.

ಇಲ್ಲಿ ಒಂದು ಹೋಲಿಕೆಯನ್ನು ಹೇಳಬೇಕು. ಪಟ್ಟಣದಲ್ಲಿ ಜಾತಿನಾಯಿ ಸಾಕಿ ಮರಿ ಮಾರುವವರಿಗಾಗಿ 2017ರಲ್ಲಿ ಕೇಂದ್ರ ಸರ್ಕಾರವು ನಿಯಮಗಳನ್ನು ಮಾಡಿತು. ಹೆಣ್ಣುನಾಯಿಗೆ ಹದಿನೆಂಟು ತಿಂಗಳು ತುಂಬುವ ಮೊದಲು ಮರಿ ಹಾಕಿಸಬಾರದು. ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ಸಾಕಣೆಗಾರನು ಹೆಸರು ನೋಂದಾಯಿಸಬೇಕು. ಒಳ್ಳೆಯ ನಿಯಮಗಳು. ಪ್ರಾಮಾಣಿಕನಾದ ಸಾಕಣೆಗಾರನಿಗೆ ಅವು ರಕ್ಷಣೆಯೇ ಹೊರತು ಶಿಕ್ಷೆಯಲ್ಲ. ಕಳ್ಳ ವ್ಯಾಪಾರಿಯ ಅಗ್ಗದ ಮರಿಗಳ ಎದುರಿನಲ್ಲಿ ಅವನು ತಲೆಯೆತ್ತಿ ನಿಲ್ಲಲು ಒಂದು ಆಧಾರ. ಕುಮಟೆ ಹೊನ್ನಾವರಗಳ ಮನೆಗಳಲ್ಲಿಯೂ ಈಗ ಊರನಾಯಿಯ ಜೊತೆಗೆ ಜಾತಿನಾಯಿಗಳು ಕಾಣಸಿಗುತ್ತವೆ. ಉಣ್ಣೆ ತುಂಬಿದ ಶೀತದೇಶದ ನಾಯಿಯನ್ನು ಈ ಬೆವರಿನ ಕರಾವಳಿಗೆ ತಂದು ಕಟ್ಟಿಹಾಕಿದವರಿಗೆ ಮಾತ್ರ ಯಾವ ನಿಯಮವೂ ಬುದ್ಧಿ ಕಲಿಸಲಾರದು. ಇರಲಿ. ನಾಯಿಮರಿಯ ಎಂಟು ವಾರವನ್ನು ಎಣಿಸಿದ ಕಾನೂನು ಗಂಡುಕರುವಿನ ಎಂಟು ವಾರದ ಮೇಲೆ ಏನಾಗಬೇಕೆಂದು ಎಣಿಸಲಿಲ್ಲ.

ಗಂಡುಕರು! ಇಡೀ ಕರಾವಳಿಯ ದನದ ಕಥೆಯಲ್ಲಿ ಅತಿ ಸಂಕಟದ ಅಧ್ಯಾಯ ಇದೇ. ಹಿಂದೆ ಗಂಡು ಹುಟ್ಟಿದರೆ ಗದ್ದೆಗೆ ಎತ್ತಾಗುತ್ತಿತ್ತು. ಗಿಡ್ಡ ಎತ್ತುಗಳು ಸಣ್ಣ ಅಗಡಿಗಳಲ್ಲಿ, ಮೊಣಕಾಲುದ್ದ ಕೆಸರಿನಲ್ಲಿ, ದೊಡ್ಡ ಎತ್ತು ತಿರುಗಲಾರದ ಮೂಲೆಗಳಲ್ಲಿ ಚುರುಕಾಗಿ ತಿರುಗುತ್ತಿದ್ದುವು. ಈಗ ಆ ಕೆಲಸವನ್ನು ಟಿಲ್ಲರು ಮಾಡುತ್ತದೆ. ಗದ್ದೆಗಳೇ ಎಷ್ಟೋ ಕಡೆ ಪಾಳು. 1964ರ ಗೋಹತ್ಯೆ ನಿಷೇಧ ಕಾಯಿದೆಯಲ್ಲಿ ಹನ್ನೆರಡು ವರ್ಷ ಮೀರಿದ ಅಥವಾ ಕೆಲಸಕ್ಕೆ ಬಾರದ ಎತ್ತು ಹೋರಿಗಳಿಗೆ ವಿನಾಯಿತಿಯಿತ್ತು. 2021ರ ಆರಂಭದಲ್ಲಿ ಜಾರಿಗೆ ಬಂದ 2020ರ ಕಾಯಿದೆಯಲ್ಲಿ ಹಸು, ಕರು, ಹೋರಿ, ಎತ್ತುಗಳಿಗೆ ಆ ವಿನಾಯಿತಿಯಿಲ್ಲ; ಹದಿಮೂರು ವರ್ಷ ಮೀರಿದ ಎಮ್ಮೆ ಕೋಣಗಳಿಗೆ ಮಾತ್ರ ಉಂಟು. ಈ ಕಾಯಿದೆಯ ಬಗೆಗೆ ದೇಶದಲ್ಲಿ ತೀವ್ರವಾದ ಅಭಿಪ್ರಾಯಭೇದಗಳಿವೆ. ಭಟ್ಕಳದಂಥ ಊರಿನಲ್ಲಿ ಅದರ ಮಾತೆತ್ತಿದರೆ ಧ್ವನಿಗಳು ಏರುತ್ತವೆ. ಎರಡು ಪಕ್ಷದವರೂ ತಮ್ಮ ತಮ್ಮ ನ್ಯಾಯವನ್ನು ಹೇಳಲಿ. ಆದರೆ ಆ ವಾದದ ಗದ್ದಲದಲ್ಲಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತ ಹೆಂಗಸಿನ ಲೆಕ್ಕ ಯಾರಿಗೂ ಕೇಳಿಸುವುದಿಲ್ಲ. ಗಂಡುಕರುವನ್ನು ಮಾರುವಂತಿಲ್ಲ, ಏಕೆಂದರೆ ಕೊಳ್ಳುವವನಿಲ್ಲ. ಬಿಡುವಂತಿಲ್ಲ, ಏಕೆಂದರೆ 1960ರ ಕಾಯಿದೆಯಿದೆ; ಅದಕ್ಕಿಂತ ದೊಡ್ಡದಾದ ಅವಳ ಮನಸ್ಸೂ ಇದೆ. ಸಾಕೋಣವೆಂದರೆ ಒಂದು ಲೀಟರು ಹಾಲಿನ ತಾಯಿ ಹದಿನೈದು ವರ್ಷ ಬದುಕಬಲ್ಲ ಮಗನ ಮೇವನ್ನು ಗಳಿಸಲಾರಳು.

ಕೊನೆಗೆ ಒಂದು ರಾತ್ರಿ ಹಗ್ಗ ಬಿಚ್ಚಿಹೋಗುತ್ತದೆ. ಬಿಚ್ಚಿದವರಾರೆಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ. ಮಂಕಿಯ ಹೆದ್ದಾರಿಯ ಮೇಲಿನ ಕಣ್ಣುಗಳಲ್ಲಿ ಎಷ್ಟು ಜೊತೆ ಇಂಥವೆಂದು ಹೇಳುವುದು ಕಷ್ಟ. ಹಗ್ಗ ಬಿಚ್ಚಿದ ಕೈ ಕಟುಕನದಲ್ಲ. ಬೆಳಿಗ್ಗೆ ಅಕ್ಕಚ್ಚು ಕೊಟ್ಟ ಕೈಯೇ ಅದು. ಆ ಕೈ ಮಾಡಿದುದು ಸರಿಯೆಂದು ಹೇಳಲಾಗದು. ವಾಹನದ ಗಾಲಿಗೆ ಸಿಕ್ಕ ಕರುವಿನ ನೋವಿಗೆ ಯಾರ ಬಡತನವೂ ಸಮಾಧಾನವಾಗದು. ಆದರೆ ಆ ಕೈಯನ್ನು ಅಲ್ಲಿಯವರೆಗೆ ತಂದು ನಿಲ್ಲಿಸಿದ ಲೆಕ್ಕವನ್ನು ನೋಡದೆ ದಂಡವನ್ನಷ್ಟೆ ಏರಿಸುವವರು, ಬೀದಿಯ ದನವನ್ನು ಇನ್ನೂ ದೂರದ ಬೀದಿಗೆ ಅಟ್ಟಿದಂತೆಯೇ ಸರಿ.

ಹೊನ್ನಾವರದಿಂದ ಕರ್ಕಿ, ಹಳದೀಪುರಗಳನ್ನು ದಾಟಿ ಕುಮಟೆಗೆ ಬಂದರೆ ಸೀಮೆಯ ಮುಖ ಸ್ವಲ್ಪ ಬದಲಾಗುತ್ತದೆ. ಅಘನಾಶಿನಿಯ ಅಳಿವೆಯು ಕೈಬೆರಳುಗಳಂತೆ ನೆಲದೊಳಗೆ ಚಾಚಿಕೊಂಡಿದೆ. ಉಪ್ಪುನೀರು ಏರಿಳಿಯುವ ಗಜನಿ ಭೂಮಿ. ಮಾಣಿಕಟ್ಟೆಯ ಕಡೆ ಉಪ್ಪನ್ನು ತಾಳಿಕೊಂಡು ಬೆಳೆಯುವ ಕಗ್ಗ ಭತ್ತ. ಕಗ್ಗದ ಹುಲ್ಲು ಉದ್ದ. ಹಿಂದೆ ಗಜನಿಯ ರೈತನಿಗೆ ಅದೂ ಒಂದು ಬೆಳೆಯೇ. ಗಜನಿಗಳು ಸಿಗಡಿಯ ಕೆರೆಗಳಾದಲ್ಲಿ ಹುಲ್ಲೂ ಹೋಯಿತು. ಈಗ ಘಟ್ಟದ ಮೇಲಿನಿಂದ ಲಾರಿಗಳಲ್ಲಿ ಒಣಹುಲ್ಲಿನ ಉಂಡೆಗಳು ಇಳಿದು ಬರುತ್ತವೆ. ಅದನ್ನು ಕೊಂಡು ಗಿಡ್ಡ ಹಸುವಿಗೆ ಹಾಕುವುದೆಂದರೆ ಪೇಟೆಯ ಸಾಮಾನು ತಂದು ಕಾಡುಹಕ್ಕಿಗೆ ಹಾಕಿದಂತೆ.

ಕುಮಟಾ ತಾಲೂಕಿನ ಹೊಸಾಡದಲ್ಲಿ ಶ್ರೀರಾಮಚಂದ್ರಾಪುರ ಮಠದ ಅಮೃತಧಾರಾ ಗೋಶಾಲೆಯಿದೆ. ದೇಶೀಯ ತಳಿಗಳ ಉಳಿವಿಗಾಗಿ ಮಠವು ಕೈಗೊಂಡ ಕಾರ್ಯದ ಒಂದು ಕೇಂದ್ರ ಅದು. 2007ರಲ್ಲಿ ಹೊಸನಗರದಲ್ಲಿ ಮಠವು ನಡೆಸಿದ ವಿಶ್ವ ಗೋ ಸಮ್ಮೇಳನದ ಅನಂತರ ಗಿಡ್ಡ ಹಸುವಿನ ಹೆಸರು ಅದನ್ನು ಕಣ್ಣಾರೆ ಕಾಣದವರ ಬಾಯಲ್ಲಿಯೂ ಬಂತು. ಆದರೆ ಯಾವ ಗೋಶಾಲೆಯೂ ಊರಿನ ಎಲ್ಲ ಕೊಟ್ಟಿಗೆಗಳ ಕೆಲಸವನ್ನು ಮಾಡಲಾರದು. ಗಿಡ್ಡ ಹಸು ಗುಡ್ಡದ ಪ್ರಾಣಿ. ಅದರ ಗುಣಗಳೆಲ್ಲ, ಕಡಿಮೆ ತಿಂದು ಬದುಕುವುದು, ರೋಗವನ್ನು ತಾಳಿಕೊಳ್ಳುವುದು, ದಾರಿಯನ್ನು ಮರೆಯದಿರುವುದು, ನಡೆದಾಡಿ ಮೇಯ್ದುದರಿಂದ ಬಂದುವು. ಗೋಶಾಲೆಯಲ್ಲಿ ಹಸು ಉಳಿಯಬಹುದು. ತಳಿ ಉಳಿಯಬೇಕಾದರೆ ನೂರಾರು ಮನೆಗಳಲ್ಲಿ ಎರಡೆರಡು ಮೂರುಮೂರಾಗಿ ಉಳಿಯಬೇಕು. ತಳಿಸಾಕಣೆಗಾರನೆಂಬ ಬಿರುದು ಇಲ್ಲದಿದ್ದರೂ ಇಲ್ಲಿನ ಪ್ರತಿಯೊಬ್ಬ ಗೃಹಿಣಿಯೂ ತಳಿಸಾಕಣೆಗಾರ್ತಿಯೇ. ಯಾವ ಹಸುವಿಗೆ ಯಾವ ಹೋರಿ, ಯಾವ ಕರುವನ್ನು ಉಳಿಸಿಕೊಳ್ಳಬೇಕು ಎಂಬ ನಿರ್ಣಯ ತಲೆಮಾರುಗಳಿಂದ ಅವಳದೇ.

ಇಲ್ಲಿ ಒಂದು ಲೆಕ್ಕವನ್ನು ವಾಚಕರ ಮುಂದಿಡುವುದು ಅವಶ್ಯ. 2022ರಲ್ಲಿ ರಾಜ್ಯ ಸರ್ಕಾರವು ಪುಣ್ಯಕೋಟಿ ದತ್ತು ಯೋಜನೆಯನ್ನು ಆರಂಭಿಸಿತು. ಗೋಶಾಲೆಯ ಒಂದು ರಾಸನ್ನು ವರ್ಷಕ್ಕೆ 11,000 ರೂಪಾಯಿ ಕೊಟ್ಟು ಯಾರು ಬೇಕಾದರೂ ದತ್ತು ಪಡೆಯಬಹುದು. ದಿನಕ್ಕೆ ಮೂವತ್ತು ರೂಪಾಯಿಯಷ್ಟಾಯಿತು. ಬೆಂಗಳೂರಿನ ಒಬ್ಬ ಸಹೃದಯನು ಹೀಗೆ ಕೊಡುವುದು ಮೆಚ್ಚತಕ್ಕ ಮಾತು. ಆದರೆ ಹಸು ಗೋಶಾಲೆಯನ್ನು ಸೇರಬೇಕಾದರೆ ಮೊದಲು ಮನೆಯನ್ನು ಬಿಡಬೇಕಲ್ಲವೆ? ಅದೇ ಮೂವತ್ತು ರೂಪಾಯಿಯಲ್ಲಿ ಅರ್ಧದಷ್ಟಾದರೂ ಗಂಡುಕರುವನ್ನೂ ಮುದಿಹಸುವನ್ನೂ ಮನೆಯಲ್ಲೇ ಇಟ್ಟುಕೊಂಡವಳಿಗೆ ಸಿಕ್ಕಿದ್ದರೆ ಹಗ್ಗ ಬಿಚ್ಚುವ ರಾತ್ರಿಯೇ ಬರುತ್ತಿರಲಿಲ್ಲ. ಸಂಘಕ್ಕೆ ಹಾಕಿದ ಹಾಲಿಗೆ ಸರ್ಕಾರವು ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವನ್ನು ಗೊತ್ತುಪಡಿಸಿದೆ. ಅದೂ ಹಾಲನ್ನು ಅಳೆಯುತ್ತದೆಯೇ ಹೊರತು ಹಸುವನ್ನಲ್ಲ. ಹತ್ತು ಲೀಟರಿನ ಹಸುವಿಗೆ ಐವತ್ತು. ಗೊಬ್ಬರ ಕೊಟ್ಟು, ತಳಿ ಉಳಿಸಿ, ಮನೆಮಕ್ಕಳಿಗೇ ಹಾಲು ಮುಗಿಸುವ ಗಿಡ್ಡನಿಗೆ ಸೊನ್ನೆ.

ಕೇಳಿದರೆ ಅವರು ಹೇಳುವ ಬೇಡಿಕೆಗಳೇನೂ ದೊಡ್ಡವಲ್ಲ. ಕೇರಿಗೊಂದು ಗಿಡ್ಡ ಹೋರಿ, ಅದನ್ನು ಸಾಕುವವರಿಗೆ ಪಂಚಾಯತಿಯಿಂದ ಇಷ್ಟು ಮೇವು. ಅಕೇಶಿಯಾ ಕಡಿದ ಗುಡ್ಡದಲ್ಲಿ ಒಂದು ಪಾಲಾದರೂ ಮತ್ತೆ ಬೇಣವಾಗಲಿ. ಗಂಡುಕರುವಿನ ಬೀಜ ಒಡೆಯುವುದಿದ್ದರೆ ಕಲ್ಲಿನಿಂದ ಜಜ್ಜುವ ಹಳೆಯ ಕ್ರೌರ್ಯ ಬೇಡ, ವೈದ್ಯನು ಇಕ್ಕಳ ತಂದು ನೋವಾಗದಂತೆ ಮಾಡಲಿ. ರಸ್ತೆಗೆ ಅಡ್ಡವಾಗಿ ದನ ದಾಟುವ ಜಾಗದಲ್ಲಿ ಒಂದು ದಾರಿ. ಕೊನೆಯ ಮಾತನ್ನು ನಗುತ್ತಲೇ ಹೇಳುತ್ತಾರೆ: ಕೊರಳಿಗೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಕಟ್ಟಿದರೂ ಸಾಕಂತೆ, ಕರಿಯ ಹಸು ಕಂಡೀತು.

ಕುಮಟೆಯಿಂದ ಮಿರ್ಜಾನಿನ ಕೋಟೆಯನ್ನು ದಾಟಿ ಮುಂದೆ ಸಾಗಿ ಗೋಕರ್ಣಕ್ಕೆ ತಿರುಗಿದರೆ ಯಾತ್ರೆ ಕಡಲಿನಲ್ಲೇ ಮುಗಿಯುತ್ತದೆ. ಗೋಕರ್ಣವೆಂದರೆ ಹಸುವಿನ ಕಿವಿ. ಭೂಮಾತೆಯು ಗೋವಾಗಿದ್ದಾಗ ಅವಳ ಕಿವಿಯಿಂದ ಶಿವನು ಮೂಡಿಬಂದನೆಂದು ಕ್ಷೇತ್ರದ ಪುರಾಣ. ರಥಬೀದಿಯಲ್ಲಿ ಯಾತ್ರಿಕರ ನಡುವೆ ದನಗಳು ನಿಸ್ಸಂಕೋಚವಾಗಿ ನಡೆದಾಡುತ್ತವೆ. ಬಾಳೆಹಣ್ಣಿನ ಸಿಪ್ಪೆಯನ್ನೂ ಕೆಲವೊಮ್ಮೆ ಅದನ್ನು ಕಟ್ಟಿದ ಪ್ಲಾಸ್ಟಿಕ್ಕನ್ನೂ ತಿನ್ನುತ್ತವೆ. ಅವುಗಳಲ್ಲಿ ಕೆಲವುಗಳ ಕಿವಿಯಲ್ಲಿ ಹಳದಿಯ ಒಂದು ಬಿಲ್ಲೆ ತೂಗುತ್ತಿರುತ್ತದೆ. ಅದರ ಮೇಲೆ ಹನ್ನೆರಡು ಅಂಕೆಗಳ ಸಂಖ್ಯೆ. ದೇಶದ ಪ್ರತಿಯೊಂದು ರಾಸಿಗೂ ಗುರುತು ಕೊಡಬೇಕೆಂದು ಸರ್ಕಾರ ತೊಡಿಸಿದ ಓಲೆ ಅದು. ಲಸಿಕೆಯ ಲೆಕ್ಕ ಅದರಲ್ಲಿ. ವಿಮೆಯ ಲೆಕ್ಕವೂ ಅದರಲ್ಲಿ. ಹಸು ಸತ್ತಾಗ ಬಿಲ್ಲೆಯನ್ನು ತೋರಿಸದಿದ್ದರೆ ವಿಮೆಯ ಹಣವಿಲ್ಲ.

ನೂನಿಜನು ಇದನ್ನು ಕಂಡಿದ್ದರೆ ನಗುತ್ತಿದ್ದನೋ ಏನೋ. ಅಂದು ಭಟ್ಕಳದಲ್ಲಿ ಬಾಲ, ಇಂದು ಗೋಕರ್ಣದಲ್ಲಿ ಕಿವಿ. ಆದರೆ ವ್ಯತ್ಯಾಸವೊಂದಿದೆ. ಅಂದು ಬಾಲಕ್ಕೆ ಬದುಕಿದ ಕುದುರೆಯ ಪೂರ್ತಿ ಬೆಲೆ ಸಿಗುತ್ತಿತ್ತು. ಇಂದು ವಿಮೆಯ ಮೊತ್ತ ನಿಲ್ಲುವುದು ಪೇಟೆಯ ಬೆಲೆಯ ಮೇಲೆ. ಪೇಟೆಯ ಬೆಲೆ ನಿಲ್ಲುವುದು ಹಾಲಿನ ಮೇಲೆ. ಹಾಗಾಗಿ ಗಿಡ್ಡ ಹಸುವನ್ನು ವಿಮೆ ಮಾಡಿಸುವ ಉಸಾಬರಿಗೆ ಹೋಗುವವರು ವಿರಳ. ಆಕಸ್ಮಿಕವಾಗಿ ಸತ್ತ ರಾಸಿಗೆ ಪರಿಹಾರ ಕೊಡುವ ಅನುಗ್ರಹ ಯೋಜನೆಯನ್ನು ರಾಜ್ಯ ಸರ್ಕಾರವು 2023ರಲ್ಲಿ ಮತ್ತೆ ಜಾರಿಗೆ ತಂದು ಹಸು, ಎಮ್ಮೆ, ಎತ್ತುಗಳಿಗೆ 10,000 ರೂಪಾಯಿ ಗೊತ್ತುಮಾಡಿತು. 2025ರ ಆಯವ್ಯಯದಲ್ಲಿ ಅದನ್ನು 15,000ಕ್ಕೆ ಏರಿಸುವುದಾಗಿ ಸಾರಿತು. ಇಲ್ಲಿ ಹಾಲು ಅಳೆಯಲಿಲ್ಲ ಎಂಬುದು ಸಂತೋಷದ ಸಂಗತಿ. ಸತ್ತ ಮೇಲೆ ಗಿಡ್ಡನೂ ಜೆರ್ಸಿಯೂ ಸಮಾನರು. ಬದುಕಿರುವಾಗಲೂ ಹಾಗೆ ಎಣಿಸುವ ಯೋಜನೆ ಇನ್ನೂ ಬರಬೇಕಾಗಿದೆ.

ಸೂರ್ಯ ಕಡಲಿಗಿಳಿಯುವ ಹೊತ್ತಿಗೆ ಗೋಕರ್ಣದ ಹಿಂದಿನ ಗುಡ್ಡದಿಂದ ದನಗಳು ಒಂದೊಂದಾಗಿ ಇಳಿದು ಬರುತ್ತವೆ. ಮುಂದೆ ಮುದಿಹಸು, ಹಿಂದೆ ಕಡಸುಗಳು, ಎಲ್ಲಕ್ಕೂ ಕೊನೆಯಲ್ಲಿ ದಾರಿಬದಿಯ ಬೇಲಿಗೆ ಬಾಯಿ ಹಾಕುತ್ತಾ ಬರುವ ಒಂದು ಗಂಡುಕರು. ಕೇರಿಯ ತಿರುವಿನಲ್ಲಿ ಅವು ತಾವಾಗಿಯೇ ಬೇರ್ಪಟ್ಟು ತಮ್ಮ ತಮ್ಮ ಮನೆಯ ದಣಪೆಯ ಮುಂದೆ ನಿಲ್ಲುತ್ತವೆ. ಒಳಗಿನಿಂದ ಯಾರೋ ಹೆಸರು ಹಿಡಿದು ಕರೆಯುತ್ತಾರೆ. ದಣಪೆಯ ಗಳುವನ್ನು ಸರಿಸುವ ಸದ್ದು. ಗಂಡುಕರು ಸ್ವಲ್ಪ ಹೊತ್ತು ಹೊರಗೆ ನಿಂತು ತಾಯಿಯ ಕಡೆ ನೋಡುತ್ತದೆ. ಆಮೇಲೆ ಅದನ್ನೂ ಒಳಗೆ ಬಿಟ್ಟುಕೊಳ್ಳುತ್ತಾರೆ, ಈ ರಾತ್ರಿಯ ಮಟ್ಟಿಗೆ.